ಈಶಾನ್ಯದ ದುಂಡು ಕೋಣೆ

ಮದುವೆಯಾಗಿ ಮಲ್ಲೇಶ್ವರದ ಮನೆಗೆ ಬಂದ ದಿನ ನಾನು ಗಂಡನ ಮುಖಕ್ಕಿಂತ ಗೋಡೆಯನ್ನೇ ಜಾಸ್ತಿ ನೋಡಿದೆ ಅಂತ ನಮ್ಮನೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಸುಳ್ಳೇನಲ್ಲ. ಗಂಡನನ್ನು ಹೆಣ್ಣು ನೋಡುವ ಶಾಸ್ತ್ರದ ದಿನವೇ ನೋಡಿಯಾಗಿತ್ತು, ಆ ಗೋಡೆಯನ್ನು ನೋಡಿರಲಿಲ್ಲ. ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು ಇದು.

ಸಂಪಿಗೆ ರಸ್ತೆಯಿಂದ ಎರಡು ತಿರುವು ಒಳಗೆ ನಮ್ಮದು ಮೂಲೆ ಸೈಟು. ಎರಡು ರಸ್ತೆ ಸೇರುವ ಕಡೆ ಮನೆಗೆ ಮೂಲೆಯೇ ಇರಲಿಲ್ಲ. ಗೋಡೆ ಅಲ್ಲಿಗೆ ಬಂದು, ಅವಸರವಿಲ್ಲದೆ ದುಂಡಗೆ ತಿರುಗಿ, ಇನ್ನೊಂದು ರಸ್ತೆಯ ಕಡೆಗೆ ಹೊರಟುಬಿಡುತ್ತಿತ್ತು. ಅದರ ಜೊತೆಗೇ ಕಬ್ಬಿಣದ ಕಿಟಕಿಗಳೂ ತಿರುಗುತ್ತಿದ್ದವು, ಕಿಟಕಿಯ ಮೇಲಿನ ಸಜ್ಜವೂ ತಿರುಗುತ್ತಿತ್ತು, ಸಜ್ಜದ ಮೇಲೆ ಗಾರೆಯಲ್ಲಿ ಎಳೆದ ಮೂರು ಪಟ್ಟೆಗಳೂ ತಿರುಗುತ್ತಿದ್ದವು. ಒಳಗೆ ಆ ದುಂಡು ಕೋಣೆಗೆ ಹಸಿರು ಮೊಸಾಯಿಕ್ ನೆಲ, ನಡುವೆ ಹಿತ್ತಾಳೆ ಪಟ್ಟಿ ಕೂಡಿಸಿದ ಒಂದು ವೃತ್ತ. ಒಂದು ಕೆತ್ತನೆ ಇಲ್ಲ, ಬಳ್ಳಿ ಇಲ್ಲ, ಆನೆ ಇಲ್ಲ. ನಾನು ಚಾಮರಾಜಪೇಟೆಯ ವಠಾರದಲ್ಲಿ ಬೆಳೆದವಳು, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಿಸ್ಸು. ಚೆಂದ ಅಂದರೆ ಬೇಲೂರಿನ ಕಂಬ ಅಂತ ನನಗೆ ಕಲಿಸಿದ್ದರು, ನಾನೂ ಮಕ್ಕಳಿಗೆ ಅದನ್ನೇ ಕಲಿಸುತ್ತಿದ್ದೆ. ಬರೀ ಗೋಡೆಯೊಂದು ಮನುಷ್ಯರನ್ನು ಹೀಗೆ ಹಿಡಿದು ನಿಲ್ಲಿಸುತ್ತೆ ಅಂತ ಯಾರೂ ಹೇಳಿರಲಿಲ್ಲ.

ನಾನು ಗೋಡೆ ನೋಡೋದನ್ನ ಮೊದಲು ಗಮನಿಸಿದವರು ಮಾವ. "ಹಿಡಿಸ್ತೇನಮ್ಮಾ?" ಅಂತ ಕೇಳಿದರು. ತಲೆಯಾಡಿಸಿದೆ. ಅಷ್ಟೇ ಸಾಕಾಯ್ತು ಅವರಿಗೆ. ಅವರ ಅಪ್ಪ ಪೇಟೆಯಲ್ಲಿ ಮೊಳೆ, ಬೀಗ, ಬಣ್ಣ ಮಾರುವ ಅಂಗಡಿ ಇಟ್ಟಿದ್ದವರು. ಮಾಲು ತರೋಕೆ ಬೊಂಬಾಯಿಗೆ ಹೋದಾಗ ಸಮುದ್ರದ ಪಕ್ಕದ ದುಂಡು ಮೂಲೆಯ ಹೊಸ ಮನೆಗಳನ್ನು ನೋಡಿ, ಒಂದು ಚಿತ್ರ ಕೊಂಡು ತಂದು ಇಲ್ಲಿಯ ಮೇಸ್ತ್ರಿಯ ಮುಂದೆ ಹಿಡಿದರಂತೆ. ಮೇಸ್ತ್ರಿ ಹುಟ್ಟಿದಾರಭ್ಯ ದುಂಡು ಗೋಡೆ ಕಟ್ಟಿದವನಲ್ಲ. ನೆಲಕ್ಕೆ ಗೂಟ ಹೊಡೆದು, ಹುರಿ ಕಟ್ಟಿ, ಹುರಿಯ ತುದಿ ಹಿಡಿದು ತಾನೇ ಸುತ್ತ ನಡೆದು ಗೆರೆ ಎಳೆದನಂತೆ. ಒಂದೊಂದು ಇಟ್ಟಿಗೆಯ ಅಂಚನ್ನೂ ಉಜ್ಜಿ ಉಜ್ಜಿ ಕೂಡಿಸಿದ ಗೋಡೆ ಅದು. ಮಾವ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ಆ ಕೋಣೆಯಲ್ಲೇ ಬದುಕಿದರು ಅಂದರೂ ತಪ್ಪಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟು, ಕಿಟಕಿಯ ಕೆಳಗೆ ಬೆತ್ತದ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತರೆ ಊಟಕ್ಕೇ ಏಳುತ್ತಿದ್ದುದು. ಮಧ್ಯಾಹ್ನದ ನಿದ್ದೆಯೂ ಅದೇ ಕುರ್ಚಿಯಲ್ಲಿ.

ಸಂಜೆ ಸ್ಕೂಲಿನಿಂದ ಬಂದ ನನ್ನನ್ನು "ಬಾರಮ್ಮಾ, ಮನೆ ನೋಡ್ಕೊಂಡ್ ಬರೋಣ" ಅಂತ ಕರೆದುಕೊಂಡು ಹೋಗೋರು. ಬೇರೆ ಮನೆಯ ಸೊಸೆಯಂದಿರು ಮಾವನ ಜೊತೆ ದೇವಸ್ಥಾನಕ್ಕೆ ಹೋದರೆ ನಾನು ಮನೆ ನೋಡೋಕೆ ಹೋಗುತ್ತಿದ್ದೆ. ಶೇಷಾದ್ರಿಪುರ, ಕುಮಾರ ಪಾರ್ಕ್, ಒಮ್ಮೊಮ್ಮೆ ಬಸ್ ಹತ್ತಿ ಬಸವನಗುಡಿ. ಮಾವನದು ಖಾರದ ನಾಲಿಗೆ. "ಇದು ನೋಡು, ಬರೀ ದುಡ್ಡು ಇರೋನು ಕಟ್ಸಿದ್ದು, ಕಣ್ಣಿರೋನಲ್ಲ" ಅನ್ನೋರು. ಇನ್ನೊಂದು ಸಣ್ಣ ಮನೆಯ ಮುಂದೆ ಹತ್ತು ನಿಮಿಷ ನಿಂತುಬಿಡೋರು: "ಆ ಸಜ್ಜದ ನೆರಳು ನೋಡಮ್ಮಾ. ನಾಲ್ಕು ಗಂಟೆಗೆ ಸರಿಯಾಗಿ ಹೊಸಿಲಿಗೆ ಬಂದು ನಿಲ್ಲತ್ತೆ. ಲೆಕ್ಕ ಹಾಕಿ ಇಟ್ಟಿದಾನೆ ಪುಣ್ಯಾತ್ಮ." ಕಿಟಕಿ ಗ್ರಿಲ್ಲಿನಲ್ಲಿ ಉದಯಿಸುವ ಸೂರ್ಯ, ಹಡಗಿನ ಕಿಟಕಿಯಂಥ ಗುಂಡು ಕಂಡಿ, ಗಾಳಿಯಲ್ಲೇ ನಿಂತ ಹಾಗಿರುವ ಸಿಮೆಂಟ್ ಮೆಟ್ಟಿಲು, ಎಲ್ಲಕ್ಕೂ ಕಣ್ಣು ಬಂದಿದ್ದು ನನಗೆ ಅವರಿಂದ. ಆದರೆ ಆ ವರ್ಷಗಳಲ್ಲಿ ನಾವು ನೋಡುವ ಮನೆಗಳ ಪಟ್ಟಿ ಕರಗುತ್ತಾ ಬಂತು. ಮುಂದಿನ ವಾರ ಮತ್ತೆ ನೋಡೋಣ ಅಂದುಕೊಂಡ ಮನೆಗೆ ಮುಂದಿನ ವಾರ ತಗಡಿನ ಬೇಲಿ ಬಿದ್ದಿರುತ್ತಿತ್ತು, ಒಳಗಿನಿಂದ ಸುತ್ತಿಗೆಯ ಸದ್ದು. ಮಾವ ರಸ್ತೆಯ ಆ ಬದಿಗೆ ದಾಟಿ ನಡೆಯೋರು.

ನಮ್ಮ ಮನೆಗೆ ಅದು ಬೇರೆ ದಾರಿಯಿಂದ ಬಂತು. ನಾದಿನಿಯನ್ನು ದಾವಣಗೆರೆಗೆ ಕೊಟ್ಟಿದ್ದರು. ಎರಡು ವರ್ಷದಲ್ಲಿ ಎರಡು ಸಲ ಗರ್ಭ ನಿಂತು, ಎರಡು ಸಲವೂ ಐದನೇ ತಿಂಗಳಲ್ಲಿ ಹೋಯಿತು. ಎರಡನೇ ಸಲ ನಮ್ಮ ಮನೆಯಲ್ಲೇ ಆಗಿದ್ದು. ಆ ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿದ್ದು, ಅತ್ತೆ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದುದು ನನಗೆ ಮರೆತಿಲ್ಲ. ಆಗ ಊರಿಗೆಲ್ಲ ವಾಸ್ತುವಿನ ಜ್ವರ ಬಂದ ಕಾಲ. ನೋಡೋಕೆ ಬಂದ ಅತ್ತೆಯ ಅಕ್ಕ ಮನೆಯ ಸುತ್ತ ಒಂದು ಸುತ್ತು ಬಂದು, ದುಂಡು ಕೋಣೆಯ ಮುಂದೆ ನಿಂತು, ಗಲ್ಲಕ್ಕೆ ಕೈ ಹೊತ್ತರು.

"ಅಯ್ಯೋ ಶಿವನೇ, ಇದು ಈಶಾನ್ಯ ಅಲ್ವೇನೇ! ಈಶಾನ್ಯ ಅಂದ್ರೆ ಶಿವನ ಮೂಲೆ. ಶಿವನ ಮೂಲೆನೇ ಕೊಯ್ದು ಹಾಕಿದಾರಲ್ಲೇ! ಮಕ್ಕಳು ಹೆಂಗೆ ನಿಲ್ಲತ್ವೆ ಈ ಮನೇಲಿ?"

ನನಗೆ ಮೈಯೆಲ್ಲ ಉರಿಯಿತು. "ದೊಡ್ಡಮ್ಮ, ಈ ಮನೇಲೇ ಅತ್ತೆಗೆ ಎರಡು ಮಕ್ಕಳಾಗಿಲ್ವಾ? ಆಗ ಶಿವ ರಜಾ ಹಾಕಿದ್ನಾ?" ಅಂದೆ. ನನ್ನ ಬಾಯಿ ಯಾವಾಗಲೂ ನನಗಿಂತ ಎರಡು ಹೆಜ್ಜೆ ಮುಂದೆ. ಅತ್ತೆ ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿಗಿಂತ ಬೇರೆ ಏನೋ ಇತ್ತು. ಮಗಳ ಹೊಟ್ಟೆಗಿಂತ ಇವಳಿಗೆ ಗೋಡೆ ಹೆಚ್ಚಾಯ್ತಾ ಅಂತ ಕೇಳುವ ಹಾಗಿತ್ತು.

ಅಲ್ಲಿಂದ ದಿನವೂ ಅದೇ ಮಾತು. ನಮ್ಮನೆಯವರು ಪಾಪದ ಮನುಷ್ಯ, ತಂಗಿ ಅಂದರೆ ಪ್ರಾಣ. "ದುಂಡು ಒಡೆದು ಚೌಕ ಮಾಡ್ಸೋಣ, ಏನ್ ಮಹಾ, ಹದಿನೈದು ದಿನದ ಕೆಲಸ" ಅಂದರು. ಮಾವ ಮಗಳ ವಿಷಯ ಅಂತ ಎದುರು ಮಾತಾಡಲಿಲ್ಲ. ಒಂದು ದಿನ ಕಾಫಿ ಕೊಡೋಕೆ ಹೋದಾಗ ಮಾತ್ರ ನನ್ನ ಹತ್ತಿರ ಮೆಲ್ಲಗೆ ಅಂದರು: "ಈ ಕೋಣೆ ಹೋದ್ರೆ ನಾನೆಲ್ಲಿ ಕೂತ್ಕೊಳ್ಳಲಮ್ಮಾ?" ಆ ಮಾತು ಕೇಳಿದ ಮೇಲೆ ಏನಾದರೂ ಮಾಡಿ ಕೋಣೆ ಉಳಿಸಬೇಕು ಅಂತ ಹಟ ಹಿಡಿದುಬಿಟ್ಟೆ.

ದಾರಿ ತಾನಾಗೇ ಸಿಕ್ಕಿತು. ಅತ್ತೆಯ ಅಕ್ಕ ಗೊತ್ತುಮಾಡಿದ ವಾಸ್ತು ಪಂಡಿತರು ಇನ್ನೊಂದು ಊರಿನಲ್ಲಿದ್ದವರು, ಬಹಳ ಬೇಡಿಕೆಯ ಮನುಷ್ಯ. ಮನೆಗೆ ಬರುವುದಿಲ್ಲ, ದಿಕ್ಕು ಗುರುತು ಮಾಡಿದ ನಕ್ಷೆ ಅಂಚೆಯಲ್ಲಿ ಕಳಿಸಿದರೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಹೀಗೆ ಮಾಡಿ ಅಂತ ಬರೆದು ವಾಪಸ್ ಕಳಿಸುತ್ತಿದ್ದರು. ಮನೆಯ ಹಳೇ ನಕ್ಷೆಯನ್ನು ಗೆದ್ದಲು ತಿಂದು ಯಾವ ಕಾಲವಾಗಿತ್ತೋ. "ಮನೇಲೇ ಡ್ರಾಯಿಂಗ್ ಮಿಸ್ ಇದಾಳಲ್ಲ, ಬೇರೆಯೋರ್ ಯಾಕೆ" ಅಂತ ನಮ್ಮನೆಯವರು ಕೆಲಸ ನನಗೇ ಒಪ್ಪಿಸಿದರು.

ಮಾವ ಟೇಪಿನ ಒಂದು ತುದಿ ಹಿಡಿದರು, ನಾನು ಅಳತೆ ಬರೆದುಕೊಂಡೆ. ಊಟದ ಮೇಜಿನ ಮೇಲೆ ಹಾಳೆ ಹರಡಿ ಶಿಸ್ತಾಗಿ ಎಳೆದೆ: ಹಾಲ್, ಪಡಸಾಲೆ, ಅಡುಗೆಮನೆ, ದೇವರಕೋಣೆ. ಈಶಾನ್ಯಕ್ಕೆ ಬಂದಾಗ ಕೈವಾರ ತೆಗೆದುಕೊಳ್ಳಬೇಕಾಗಿತ್ತು. ಕೈವಾರ ಪೆಟ್ಟಿಗೆಯಲ್ಲೇ ಬಿಟ್ಟು ಸ್ಕೇಲು ತೆಗೆದುಕೊಂಡೆ. ಎರಡು ಗೆರೆ ನೇರವಾಗಿ ಎಳೆದು, ಒಂದಕ್ಕೊಂದು ಮುಟ್ಟಿಸಿ, ಲಕ್ಷಣವಾಗಿ ಒಂದು ಮೂಲೆ ಮಾಡಿಬಿಟ್ಟೆ. ಮೂಲೆ ಇದ್ದರೆ ದೋಷವಿಲ್ಲ, ದೋಷವಿಲ್ಲದಿದ್ದರೆ ಒಡೆಯುವುದೂ ಇಲ್ಲ. ನನ್ನ ಜನ್ಮದಲ್ಲಿ ನಾನು ಬರೆದ ಮೊದಲ ಸುಳ್ಳು ಚಿತ್ರ ಅದು. ನಗು ಬಂತು.

ಹದಿನೈದು ದಿನಕ್ಕೆ ನಕ್ಷೆ ವಾಪಸ್ ಬಂತು. ಈಶಾನ್ಯ ಪೂರ್ಣವಾಗಿದೆ, ಗೋಡೆ ಮುಟ್ಟುವ ಅಗತ್ಯವಿಲ್ಲ ಅಂತ ಪಂಡಿತರು ಬರೆದಿದ್ದರು. ಅತ್ತೆಯ ಅಕ್ಕನ ಮುಖ ನೆನೆಸಿಕೊಂಡು ಒಳಗೊಳಗೇ ಕುಣಿದೆ. ಕೆಳಗೆ ಇನ್ನೊಂದು ಸಾಲಿತ್ತು. ಈಶಾನ್ಯದಲ್ಲಿ ನೀರಿಲ್ಲದಿರುವುದೇ ದೋಷ, ಮನೆಯ ಮೂಲೆಯಿಂದ ಮೂರಡಿ ಆಚೆಗೆ ನೀರಿನ ಸಂಪು ತೋಡಿಸಬೇಕು. ಅಲ್ಲೊಂದು ಕೆಂಪು ಚೌಕ. ಕಾರ್ಪೊರೇಷನ್ ನೀರು ಎರಡು ದಿನಕ್ಕೊಮ್ಮೆ ಬರುತ್ತಿದ್ದ ಕಾಲ. ಸಂಪು ಒಳ್ಳೇದೇ ಆಯ್ತಲ್ಲ ಅಂತ ಎಲ್ಲರಿಗೂ ಖುಷಿ.

ವೈಶಾಖದಲ್ಲಿ ಗುಂಡಿ ತೋಡುವವರು ಬಂದರು. ನಮ್ಮನೆಯವರು ನಕ್ಷೆ ಹಿಡಿದು ಅಂಗಳದಲ್ಲಿ ನಿಂತು "ಮೂಲೆ ಎಲ್ಲಿದೆ ಇಲ್ಲಿ?" ಅಂತ ತಲೆ ಕೆರೆದುಕೊಂಡರು. ನಕ್ಷೆಯ ಮೂಲೆ ನಿಜದಲ್ಲಿ ಗೋಡೆಯಿಂದ ಆಚೆ ಬರೀ ಗಾಳಿಯಲ್ಲಿತ್ತು. ಸರಿಯಾದ ಜಾಗ ತೋರಿಸಿದರೆ ನಕ್ಷೆಗೂ ಮನೆಗೂ ತಾಳೆಯಾಗುವುದಿಲ್ಲ ಅಂತ ಮೂರನೇ ಕ್ಲಾಸಿನ ಮಗುವಿಗೂ ಗೊತ್ತಾಗುತ್ತಿತ್ತು. "ಕೊಡಿ ಇಲ್ಲಿ, ನಿಮಗೆ ಅರ್ಥ ಆಗಲ್ಲ" ಅಂತ ನಕ್ಷೆ ಕಿತ್ತುಕೊಂಡೆ. ದುಂಡು ಗೋಡೆಯ ಬುಡದಿಂದಲೇ ಮೂರಡಿ ಅಳೆದು, ರಂಗೋಲಿ ಪುಡಿ ತಂದು ನಾನೇ ನೆಲದ ಮೇಲೆ ಚೌಕ ಎಳೆದೆ.

ಗುಂಡಿ ತೋಡಿಸುತ್ತಿದ್ದ ಮೇಸ್ತ್ರಿ ವಯಸ್ಸಾದವನು. ಗೆರೆ ನೋಡಿ, ಗೋಡೆ ನೋಡಿ, "ಅಮ್ಮಾ, ಪಾಯಕ್ಕೆ ತೀರಾ ಹತ್ರ ಆಯ್ತು. ಹಳೇ ಗಾರೆ ಕಟ್ಟಡ ಇದು, ಪಾಯ ನಾಕಡಿ ಇದ್ರೆ ಹೆಚ್ಚು. ನಾವು ಎಂಟಡಿ ಇಳೀತೀವಿ. ಅತ್ಲಾಗೆ ಸರಿಸೋಣ" ಅಂದ.

"ಪಂಡಿತರು ಹೇಳಿರೋ ಜಾಗ ಇದೇ. ನೀನು ತೋಡಪ್ಪ" ಅಂದೆ.

ಅವನು ಆಳುಗಳ ಕೈಗೆ ಗುದ್ದಲಿ ಕೊಟ್ಟ. ಗುಂಡಿ ಇಳಿಯುತ್ತಾ ಹೋದ ಹಾಗೆ ಮೂರನೇ ದಿನ ಗೋಡೆಯ ಬುಡದ ಕಲ್ಲುಗಳು ಒಂದು ಪಕ್ಕಕ್ಕೆ ಕಂಡವು. ಅವುಗಳ ಕೆಳಗಿನ ಕೆಮ್ಮಣ್ಣು ಒದ್ದೆಯಾಗಿತ್ತು. ನಾನು ಒಳಗೆ ಹೋಗಿ ಕುಕ್ಕರ್ ಇಟ್ಟೆ.

ಸಂಪು ಮುಗಿದು ತಿಂಗಳಿಗೆ ದಾವಣಗೆರೆಯಿಂದ ಫೋನು ಬಂತು, ನಾದಿನಿಗೆ ಮತ್ತೆ ನಿಂತಿದೆ ಅಂತ. ಅತ್ತೆ ಸಂಪಿನ ಮುಚ್ಚಳಕ್ಕೆ ಅರಿಸಿನ ಕುಂಕುಮ ಇಟ್ಟರು. ಮಳೆಗಾಲ ಹಿಡಿಯಿತು. ಆಷಾಢದ ಒಂದು ಬೆಳಿಗ್ಗೆ ಕಸ ಗುಡಿಸುವಾಗ, ದುಂಡು ಕೋಣೆಯ ಕಿಟಕಿಯ ಕೆಳಗೆ, ಮಾವನ ಕುರ್ಚಿಯ ಹಿಂದೆ, ಗೋಡೆಯ ಮೇಲೆ ಒಂದು ಕೂದಲು ಅಂಟಿದ ಹಾಗೆ ಕಂಡಿತು. ಬೆರಳಿನಿಂದ ತೆಗೆಯಹೋದೆ. ಕೂದಲಲ್ಲ.

ಅಂದೇ ಹೇಳಬೇಕಾಗಿತ್ತು. ಹೇಳಿದ್ದರೆ ಮೇಸ್ತ್ರಿ ಬರುತ್ತಿದ್ದ, ಮೇಸ್ತ್ರಿ ಬಂದರೆ ಸಂಪು ಯಾಕೆ ಇಲ್ಲಿ ತೋಡಿದಿರಿ ಅಂತ ಕೇಳುತ್ತಿದ್ದ, ನಕ್ಷೆ ಹೊರಗೆ ಬರುತ್ತಿತ್ತು, ನಕ್ಷೆ ಬಂದರೆ ಗೋಡೆ ಹೋಗುತ್ತಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು. ಎರಡು ದಿನ ಬಿಟ್ಟು ನಮ್ಮದೇ ಅಂಗಡಿಯಿಂದ ಬಿರುಕು ಮುಚ್ಚುವ ಪುಟ್ಟಿ ತಂದೆ. ಆ ಗೋಡೆಗೆ ಹಳೇ ಪಿಸ್ತಾ ಬಣ್ಣದ ಡಿಸ್ಟೆಂಪರ್, ಅಂಗಡಿಯಲ್ಲಿ ಆ ಬಣ್ಣ ಬರುವುದು ನಿಂತು ವರ್ಷಗಳಾಗಿದ್ದವು. ನಾನೇ ಹಸಿರಿಗೆ ಚೂರು ಹಳದಿ, ಚೂರು ಬಿಳಿ, ಸಾಸಿವೆಕಾಳಿನಷ್ಟು ಕಪ್ಪು ಸೇರಿಸಿ ಬಣ್ಣ ಕೂಡಿಸಿದೆ. ಮಾವ ಪೂಜೆಗೆ ಕೂತ ಹೊತ್ತು ನೋಡಿ ಬಿರುಕಿಗೆ ಪುಟ್ಟಿ ತುಂಬಿ, ಒಣಗಿಸಿ, ಮೇಲೆ ಬಣ್ಣ ಹಚ್ಚಿದೆ. ಎಲ್ಲಿ ಹಚ್ಚಿದ್ದೇನೆ ಅಂತ ಮಧ್ಯಾಹ್ನ ನನಗೇ ಹುಡುಕೋಕೆ ಆಗಲಿಲ್ಲ. ನಾಚಿಕೆಗೆಟ್ಟ ಮಾತು, ಆದರೂ ಹೇಳುತ್ತೇನೆ: ಆ ಕೆಲಸದ ಬಗ್ಗೆ ನನಗೆ ಹೆಮ್ಮೆಯಾಯಿತು.

ಶ್ರಾವಣದಲ್ಲಿ ಅದು ಮತ್ತೆ ಬಂತು, ಈ ಸಲ ಒಂದು ಗೇಣು ಉದ್ದ. ಮತ್ತೆ ತುಂಬಿದೆ. ಗೌರಿ ಹಬ್ಬದ ಹೊತ್ತಿಗೆ ದುಂಡು ಕಿಟಕಿಯ ಎರಡನೇ ಬಾಗಿಲು ಚೌಕಟ್ಟಿಗೆ ಕೂರುತ್ತಿರಲಿಲ್ಲ. "ಮಳೆಗೆ ಕಬ್ಬಿಣ ಹಿಗ್ಗಿದೆ" ಅಂದೆ. ಪುಣ್ಯಕ್ಕೆ ಮರ ಹಿಗ್ಗುತ್ತೆ, ಕಬ್ಬಿಣ ಹಿಗ್ಗಲ್ಲ ಅಂತ ಯಾರಿಗೂ ಹೊಳೆಯಲಿಲ್ಲ. ದೀಪಾವಳಿಗೆ ಮೊಸಾಯಿಕ್ ನೆಲದಲ್ಲಿ ಹಿತ್ತಾಳೆಯ ವೃತ್ತ ಒಂದು ಕಡೆ ಎದ್ದು ನಿಂತಿತ್ತು. ಅದರ ಮೇಲೆ ಚಾಪೆ ಹಾಸಿದೆ. ಮನೆಗೆ ಬಂದವರು ಯಾರಾದರೂ "ಗೋಡೆ" ಅಂದರೆ ಸಾಕು, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನುವ ಹಾಗೆ ನಾನು ಎದ್ದು ಕಾಫಿ ತರೋಕೆ ಹೋಗುತ್ತಿದ್ದೆ. ಸ್ಕೂಲಿನಲ್ಲಿ ಮಕ್ಕಳು ಮನೆಯ ಚಿತ್ರ ಬರೆದರೆ ಅದರ ಮೂಲೆಯನ್ನೇ ನೋಡುತ್ತಾ ನಿಲ್ಲುತ್ತಿದ್ದೆ.

ಆಮೇಲೆ ಸದ್ದು ಶುರುವಾಯಿತು. ಮಧ್ಯಾಹ್ನ ಬಿಸಿಲು ಏರಿದ ಹೊತ್ತಿನಲ್ಲಿ ಗೋಡೆಯೊಳಗೆ ಟಕ್ ಅಂತ ಒಂದು ಸಣ್ಣ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಭಾನುವಾರ ಮಾವನ ಪಕ್ಕದಲ್ಲಿ ನೆಲದ ಮೇಲೆ ಕೂತು ಹುರುಳಿಕಾಯಿ ಸೋಸುತ್ತಿದ್ದೆ. ಮಾವ ಪೇಪರ್ ಕೆಳಗಿಳಿಸಿ ಕಿವಿಗೊಟ್ಟರು.

"ಏನಮ್ಮಾ ಅದು, ಹಲ್ಲಿನಾ?"

"ಹೂಂ ಮಾವ, ಹಲ್ಲಿ."

"ಶಿವ ಶಿವ" ಅಂತ ಅವರು ಕುರ್ಚಿಯ ಕೈ ಮೇಲೆ ಬೆರಳಿನಿಂದ ಮೂರು ಸಲ ತಟ್ಟಿದರು. ಹಲ್ಲಿ ಲೊಚಗುಟ್ಟಿದರೆ ಆಗತಾನೆ ಆಡಿದ ಮಾತು ನಿಜವಾಗುತ್ತೆ ಅಂತಲ್ಲವೇ ನಂಬಿಕೆ. ಆಗತಾನೆ ಅವರು ಆಡಿದ್ದ ಮಾತು, ಮೊಮ್ಮಗು ಬಂದರೆ ಈ ಕೋಣೆಯಲ್ಲೇ ಅದಕ್ಕೆ ಅಂಬೆಗಾಲು ಕಲಿಸುತ್ತೇನೆ ಅಂತ. ನಾನು ಕಾಯಿ ಅರ್ಧಕ್ಕೇ ಬಿಟ್ಟು ಎದ್ದುಹೋದೆ.

ಐದನೇ ತಿಂಗಳು ದಾಟಿತು. ಏಳಕ್ಕೆ ನಾದಿನಿಯನ್ನು ಕರೆತಂದು ಸೀಮಂತ ಮಾಡಿ ಮಹಡಿಯ ಕೋಣೆಯಲ್ಲಿ ಇಟ್ಟುಕೊಂಡೆವು. ಫಾಲ್ಗುಣದಲ್ಲಿ ಗಂಡುಮಗು. ಎರಡೂಮುಕ್ಕಾಲು ಕೆಜಿ, ಕಿರುಚಿದರೆ ಆಸ್ಪತ್ರೆಯ ಆ ತುದಿಗೆ ಕೇಳಬೇಕು. ಅತ್ತೆ ಸಿಕ್ಕಸಿಕ್ಕವರಿಗೆಲ್ಲ "ಈಶಾನ್ಯಕ್ಕೆ ನೀರು ಬಂತು ನೋಡಿ, ಮಗು ನಿಂತ್ಕೊಂಡ್ತು" ಅಂತ ಹೇಳಿದರು. ನನ್ನ ಗಲ್ಲ ಹಿಡಿದು, "ನೀನ್ ನಕ್ಷೆ ಬರೆದಿದ್ದಕ್ಕೇ ಕಣೆ ಇದೆಲ್ಲಾ ಆಗಿದ್ದು" ಅಂದರು.

ಬಾಣಂತಿ ಮನೆಗೆ ಬರುವ ಹಿಂದಿನ ದಿನ ಬೆಳಿಗ್ಗೆ ನಾನು ಎಂದಿನಂತೆ ಪುಟ್ಟಿ ಹಿಡಿದು ಕೂತೆ. ಬಿರುಕಿನ ಬಾಯಿ ಬಿಡಿಸೋಕೆ ತರಕಾರಿ ಚಾಕು ಇಟ್ಟೆ. ಚಾಕು ಒಳಗೆ ಹೋಯಿತು. ಒತ್ತಲೇ ಇಲ್ಲ ನಾನು, ಅದಾಗೇ ಹಿಡಿಯವರೆಗೂ ಹೋಯಿತು. ಹೊರಗೆ ಎಳೆದಾಗ ಆ ಕಂಡಿಯಿಂದ ತಣ್ಣನೆ ಗಾಳಿ ನನ್ನ ಬೆರಳಿಗೆ ತಾಗಿತು. ಒಳಗಿನ ಗಾರೆ ಪುಡಿಪುಡಿಯಾಗಿ ಮೊಣಕಾಲ ಮೇಲೆ ಉದುರಿತು.

ಅಷ್ಟರಲ್ಲಿ ಬಾಗಿಲಲ್ಲಿ ಸದ್ದಾಯಿತು. ಅತ್ತೆ, ನಮ್ಮನೆಯವರು, ಇಬ್ಬರೂ ಸೇರಿ ಅಟ್ಟದಿಂದ ಇಳಿಸಿದ ಮರದ ತೊಟ್ಟಿಲನ್ನು ಎತ್ತಿಕೊಂಡು ಒಳಗೆ ಬಂದರು. ಹಿಂದೆ ಮಾವ, ತಾವೇ ತಮ್ಮ ಬೆತ್ತದ ಕುರ್ಚಿಯನ್ನು ಪಡಸಾಲೆಗೆ ಎಳೆದು ಜಾಗ ಮಾಡಿಕೊಟ್ಟರು. "ಬಾಣಂತಿ ಕೋಣೆ ಇದೇ ಆಗ್ಲಿ. ಬೆಳಕಿದೆ, ಈಶಾನ್ಯ ಬೇರೆ" ಅಂದರು ಅತ್ತೆ. ತೊಟ್ಟಿಲನ್ನು ಕಿಟಕಿಯ ಕೆಳಗೆ, ಬಿರುಕಿಗೆ ಒತ್ತಿ ಇಟ್ಟರು.

"ಬೇಡ" ಅಂದೆ.

"ಯಾಕೆ?"

"ಬೇಡ ಅತ್ತೆ. ಗೋಡೆ ಬೀಳತ್ತೆ."

ಆಮೇಲೆ ಬಾಯಿ ನಿಲ್ಲಲೇ ಇಲ್ಲ. ಸ್ಕೇಲು, ಸುಳ್ಳು ಮೂಲೆ, ರಂಗೋಲಿ ಪುಡಿ, ಪುಟ್ಟಿ, ಬಣ್ಣ, ಕಬ್ಬಿಣದ ಕಿಟಕಿ, ಹಲ್ಲಿ, ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಚಾಕುವನ್ನು ಮತ್ತೆ ಕಂಡಿಗೆ ಇಟ್ಟು ತೋರಿಸಿದೆ. ಅತ್ತೆ ತೊಟ್ಟಿಲಿನ ಅಂಚು ಹಿಡಿದು ಗೋಡೆಯಿಂದ ಈಚೆಗೆ ಎಳೆದರು. "ನಿನ್ನ ಕೈ ಸೇದಿಹೋಗ" ಅಂದರು, ಒಂದೇ ಸಲ. ನಮ್ಮನೆಯವರು ಸ್ಕೂಟರ್ ತೆಗೆದು ಮೇಸ್ತ್ರಿಯನ್ನು ಕರೆಯೋಕೆ ಹೋದರು.

ಅದೇ ವಯಸ್ಸಾದ ಮೇಸ್ತ್ರಿ. ಬಂದವನು ಕಂಡಿಯ ಪುಡಿ ಗಾರೆ ಕೆರೆದು ಕೈ ತೂರಿಸಿದ, ಮಣಿಕಟ್ಟಿನವರೆಗೆ ಹೋಯಿತು. ಹೊರಗೆ ಬಂದು ಸಂಪಿನ ಮುಚ್ಚಳ ಎತ್ತಿ ನೋಡಿದ. "ಯುಗಾದಿ ಮಳೆ ಒಂದು ಬಿದ್ದಿದ್ರೆ ಸಾಕಿತ್ತು ಸ್ವಾಮಿ. ಹೊರಕ್ಕಲ್ಲ, ಒಳಕ್ಕೇ ಬೀಳ್ತಿತ್ತು" ಅಂದ. ಮಧ್ಯಾಹ್ನದೊಳಗೆ ಸರ್ವೆ ಮರಗಳನ್ನು ತಂದು ಸೂರಿಗೆ ಆಸರೆ ಕೊಟ್ಟರು. ಒಂದೊಂದೇ ಕಿಟಕಿ ಬಿಚ್ಚಿದರು. ಸುತ್ತಿಗೆ ಬೇಕಾಗಲೇ ಇಲ್ಲ. ಅಂಚು ಉಜ್ಜಿ ಕೂಡಿಸಿದ್ದ ಆ ಇಟ್ಟಿಗೆಗಳು ಕೈಯಿಂದ ಎಳೆದರೆ ಬರುತ್ತಿದ್ದವು. ನಾನು ಅಂಗಳದಲ್ಲಿ ನಿಂತು ನೋಡಿದೆ. ಅಳು ಬರಲಿಲ್ಲ. ಅಳೋಕೆ ನನಗೇನು ಹಕ್ಕಿತ್ತು.

ಸಂಜೆ ಕಾಫಿ ಹಿಡಿದು ಪಡಸಾಲೆಗೆ ಹೋದೆ. ಮಾವ ಕುರ್ಚಿಯಲ್ಲಿ ಕೂತಿದ್ದರು, ಎದುರಿಗೆ ಕೋಣೆ ಇದ್ದ ಕಡೆಯಿಂದ ರಸ್ತೆ ನೇರವಾಗಿ ಕಾಣುತ್ತಿತ್ತು. ನಿಮಗೋಸ್ಕರವೇ ಮಾಡಿದೆ ಮಾವ, ಈ ಕೋಣೆ ಹೋದರೆ ಎಲ್ಲಿ ಕೂತ್ಕೊಳ್ಳಲಿ ಅಂದ್ರಲ್ಲ ಅಂತ ಹೇಳಬೇಕು ಅಂದುಕೊಂಡೇ ಹೋಗಿದ್ದೆ. ಅವರು ಲೋಟ ತೆಗೆದುಕೊಳ್ಳಲಿಲ್ಲ.

"ಮೊದಲು ಯಾವಾಗ ನೋಡ್ದೆ ಬಿರುಕನ್ನ?"

"ಆಷಾಢದಲ್ಲಿ ಮಾವ."

ಅವರು ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗೆಣ್ಣು ಮುಟ್ಟುತ್ತಾ ತಿಂಗಳು ಎಣಿಸಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಎಣಿಸಿ ಮುಗಿಸಿ ನನ್ನ ಕಡೆ ನೋಡಿದರು.

"ಎಂಟು ತಿಂಗಳು. ದಿನಾ ಅದರ ಕೆಳಗೆ ನಾನೇ ಕೂತಿದ್ನಲ್ಲಮ್ಮಾ."

ಹೊಳೆಯಲಿಲ್ಲ ಮಾವ ಅನ್ನಬಹುದಾಗಿತ್ತು. ಅಂದಿದ್ದರೆ ನಂಬುತ್ತಿದ್ದರು, ಅಂಥ ಮನುಷ್ಯ ಅವರು. ಆದರೆ ಹೊಳೆದಿತ್ತು. ಪುಟ್ಟಿ ತುಂಬಲು ಕೂತ ಪ್ರತಿ ಸಲವೂ, ಅವರ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಕೆಲಸ ಮುಗಿಸಿ, ಮತ್ತೆ ಅದೇ ಜಾಗಕ್ಕೆ ತಂದಿಟ್ಟವಳು ನಾನೇ.